ಹಿಂಬಾಗಿಲ ಟೀಚರ್

– ಅತ್ತೆ, ಟಿಕೆಟ್ ತೆಗೆಸೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳ್ಕೊಂಡು ಬಾ ಅಂತ ಅಪ್ಪ ಕಳಿಸಿದ್ರು. ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಹೇಳಿಕೊಡೋ ಕೆಲಸ ಸಿಕ್ಕಿದೆ. ತಿಂಗಳಿಗೆ 22,000 ಬಾತ್. ಬಾತಿಗೆ ಎರಡೂವರೆ ರೂಪಾಯಿ ಅಂತ ಹಿಡಿದ್ರೂ 55,000 ಆಯ್ತು. ಇಲ್ಲಿ ಹಾಸನದ ಸ್ಕೂಲಲ್ಲಿ ನನಗೆ ಕೊಡೋದು 14,000.

– ಯಾವ ಊರು?

– ನಖೋನ್ ರಾಚಸೀಮಾ. ನೀವಿದ್ದ ಊರೇ.

– ಕೋರಾತ್. ಅಲ್ಲಿಯವರ ಬಾಯಲ್ಲಿ ಅದು ಕೋರಾತ್. ಉದ್ದದ ಹೆಸರು ಬಿಡಿಸಿ ನೋಡು, ನಗರ ರಾಜಸೀಮಾ. ಮೊದಲ ದಿನ ಬಸ್ ಸ್ಟ್ಯಾಂಡಿನಲ್ಲಿ ಅದು ಕಿವಿಗೆ ಬಿದ್ದಾಗ ನಮ್ಮ ಕಡೆಯ ಯಾವುದೋ ಊರಿಗೆ ಇಳಿದ ಹಾಗೇ ಅನ್ನಿಸಿತ್ತು. ಆಮೇಲೆ ಐದು ತಿಂಗಳು ಅದೇ ಊರಲ್ಲಿ ಪೊಲೀಸರ ಗಾಡಿ ಕಂಡ್ರೆ ರಸ್ತೆ ದಾಟಿ ಆ ಕಡೆಗೆ ಹೋಗ್ತಿದ್ದೆ. ಅದಿರಲಿ, ಯಾವ ವೀಸಾ?

– ವೀಸಾನೇ ಬೇಡವಂತೆ. 2024ರ ಜುಲೈಯಲ್ಲಿ ನಮ್ಮವರು ವೀಸಾ ಇಲ್ಲದೆ 60 ದಿನ ಇರಬಹುದು ಅಂತ ಮಾಡಿದ್ರಲ್ಲ, ಹಾಗೇ ಬಂದು ಸೇರ್ಕೊಳ್ಳಿ, ವರ್ಕ್ ಪರ್ಮಿಟ್ ಇಲ್ಲಿ ಮಾಡಿಸಿಕೊಡ್ತೀವಿ ಅಂದ್ರು ಏಜೆಂಟ್.

– ಮಾಡಿಸಿಕೊಡೋವರೆಗೆ ನೀನೇನು ಮಾಡ್ತಿರ್ತೀಯ?

– ಪಾಠ ಮಾಡ್ತಿರ್ತೀನಿ. ಇನ್ನೇನು?

– ತೊಂದರೆ ಇರೋದು ಅಲ್ಲೇ ಕಣೇ. ವೀಸಾ ಬೇಡ ಅಂದದ್ದು ಊರು ನೋಡೋಕೆ ಬರೋವರಿಗೆ. ಕೆಲಸಕ್ಕೆ ಬರೋವರಿಗೆ ನಾನ್-ಇಮಿಗ್ರಂಟ್ ಬಿ ಅನ್ನೋ ಬೇರೆ ವೀಸಾ ಇದೆ. ಶಾಲೆಯವರು ತಮ್ಮ ಪರವಾನಗಿ, ನೇಮಕದ ಪತ್ರ ಎಲ್ಲ ಇಲ್ಲಿಗೆ ಕಳಿಸಬೇಕು. ಅದನ್ನಿಟ್ಟು ನೀನು ಅರ್ಜಿ ಹಾಕಬೇಕು. ಬಂದ್ರೆ 90 ದಿನಕ್ಕೆ ಬರುತ್ತೆ. ಹೋಗಿ ಇಳಿದ ಮೇಲೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವರ್ಕ್ ಪರ್ಮಿಟ್. ಅದರ ಮೇಲೆ ವೀಸಾ ಒಂದು ವರ್ಷಕ್ಕೆ ಮುಂದುವರಿಯುತ್ತೆ. ನಿನ್ನ ಏಜೆಂಟ್ ಪೂರ್ತಿ ಸುಳ್ಳು ಹೇಳ್ತಿದ್ದಾನೆ ಅಂತ ನಾನು ಹೇಳಲ್ಲ. ಅಲ್ಲಿಗೆ ಹೋದ ಮೇಲೆ ಬಿ ವೀಸಾಗೆ ಬದಲಾಯಿಸಿಕೊಳ್ಳೋ ದಾರಿಯೂ ಇದೆ. ಆದ್ರೆ ಅರ್ಜಿ ಕೊಟ್ಟಿದ್ದೀವಿ ಅಂತ ಪಾಠ ಶುರು ಮಾಡೋ ಹಾಗಿಲ್ಲ. ಪರ್ಮಿಟ್ ಆಗೋವರೆಗೆ ನೀನು ಬೋರ್ಡಿನ ಮುಂದೆ ನಿಂತು ಎ, ಬಿ, ಸಿ ಬರೆದ್ರೂ ಅದು ಅಪರಾಧ.

– ಎಲ್ಲರೂ ಹಾಗೇ ಹೋಗ್ತಾರಂತೆ ಅತ್ತೆ. ನಾನೂ ಓದಿ ನೋಡಿದೆ. ಸಿಕ್ಕಿಹಾಕಿಕೊಂಡ್ರೆ 5,000 ಬಾತಿನಿಂದ 50,000 ಬಾತ್ ದಂಡ. ಜೈಲಿಲ್ಲ. 5,000 ಅಂದ್ರೆ ನಮ್ಮ ಹನ್ನೆರಡು ಹದಿಮೂರು ಸಾವಿರ. ಅಷ್ಟಾದ್ರೆ ಕಟ್ಟಿಬಿಡಬಹುದು.

– ಚೆನ್ನಾಗಿ ಓದಿದ್ದೀಯ. ನಾನು ಹೋದ 2016ರಲ್ಲಿ ಇದ್ದದ್ದು ಹಳೇ ಕಾನೂನು. 5 ವರ್ಷದವರೆಗೆ ಜೈಲು, ಇಲ್ಲ 1 ಲಕ್ಷ ಬಾತಿನವರೆಗೆ ದಂಡ, ಇಲ್ಲ ಎರಡೂ. 2017ರ ಜೂನಿನಲ್ಲಿ ಹೊಸ ಸುಗ್ರೀವಾಜ್ಞೆ ತಂದ್ರು. ಪರ್ಮಿಟ್ ಇಲ್ಲದವರನ್ನ ಇಟ್ಟುಕೊಂಡ ಮಾಲೀಕರಿಗೆ ತಲಾ ಒಬ್ಬ ಕೆಲಸಗಾರನಿಗೆ 4 ಲಕ್ಷದಿಂದ 8 ಲಕ್ಷ ಬಾತ್ ದಂಡ ಅಂದ್ರು. ಮಾಲೀಕರು ಹೆದರಿದ್ರು, ಬರ್ಮಾದವರು, ಕಾಂಬೋಡಿಯಾದವರು ಗಂಟುಮೂಟೆ ಕಟ್ಟಿಕೊಂಡು ಸಾವಿರಗಟ್ಟಲೆ ಗಡಿ ಕಡೆ ಹೊರಟುಬಿಟ್ರು. ನಾನು ಆಗ ಅಲ್ಲೇ ಇದ್ದೆ, ಟಿವಿಯಲ್ಲಿ ಬರೀ ಅದೇ. ಸರ್ಕಾರ ಆ ದಂಡದ ಕಲಮುಗಳನ್ನ ವರ್ಷದ ಕೊನೆವರೆಗೆ ತಡೆಹಿಡಿಯಬೇಕಾಯ್ತು. 2018ರಲ್ಲಿ ತಿದ್ದಿ, ಕೆಲಸಗಾರನ ಜೈಲು ತೆಗೆದು, ನೀನು ಹೇಳಿದ ದಂಡ ಇಟ್ರು. ಆದ್ರೆ ಅದೇ ಕಲಮಿನ ಮುಂದಿನ ಸಾಲು ಓದಿದ್ಯಾ?

– ವಾಪಸ್ ಕಳಿಸ್ತಾರೆ.

– ಗಡೀಪಾರು ಮಾಡ್ತಾರೆ. ಆಮೇಲೆ ಎರಡು ವರ್ಷ ವರ್ಕ್ ಪರ್ಮಿಟ್ ಇಲ್ಲ. ಕಳಿಸೋ ದಿನದವರೆಗೆ ಇಮಿಗ್ರೇಷನ್ನಿನವರು ಕೂಡಿಹಾಕ್ತಾರೆ, ಬ್ಯಾಂಕಾಕಿನಲ್ಲಾದ್ರೆ ಸುವಾನ್ ಪ್ಲೂ ಅನ್ನೋ ಕಡೆ. ಟಿಕೆಟ್ ದುಡ್ಡು ನಿನ್ನದೇ, ಇಲ್ಲಿಂದ ನಿಮ್ಮಪ್ಪ ಕಳಿಸೋವರೆಗೆ ಅಲ್ಲೇ ಕೂತಿರಬೇಕು. ನಾಳೆ ಅಮೆರಿಕಕ್ಕೋ ಬ್ರಿಟನ್ನಿಗೋ ಕೆನಡಾಕ್ಕೋ ಅರ್ಜಿ ಹಾಕಿದ್ರೆ, ಯಾವುದಾದರೂ ದೇಶದಿಂದ ಹೊರಹಾಕಿದ್ದಾರಾ ಅಂತ ಒಂದು ಪ್ರಶ್ನೆ ಇರುತ್ತೆ. ಇಪ್ಪತ್ನಾಲ್ಕನೇ ವಯಸ್ಸಿಗೆ ಅದಕ್ಕೆ ಹೌದು ಅಂತ ಬರೆಯೋ ಹಾಗೆ ಮಾಡ್ಕೋಬೇಡ.

– ಸಿಕ್ಕಿಹಾಕಿಕೊಂಡ್ರೆ ತಾನೇ? ನೀವು ಸಿಕ್ಕಿಹಾಕಿಕೊಳ್ಳಲಿಲ್ಲ.

– ಇಲ್ಲ. ಅದಕ್ಕೇ ನಿನಗೆ ಹೇಳಬೇಕು. ಹಿಡಿದು ಕಳಿಸಿದವರ ಕಥೆ ಎಲ್ಲರಿಗೂ ಗೊತ್ತಾಗುತ್ತೆ. ಸಿಕ್ಕಿಬೀಳದವರಿಗೆ ಏನಾಗುತ್ತೆ ಅನ್ನೋದನ್ನ ಯಾರೂ ಹೇಳಲ್ಲ. ನಾನು ನಿಮ್ಮಪ್ಪನಿಗೂ ಪೂರ್ತಿ ಹೇಳಿಲ್ಲ.

– ಹೇಳಿ ಅತ್ತೆ.

– ಜೂನಿನಲ್ಲಿ ಹೋದೆ, 60 ದಿನದ ಟೂರಿಸ್ಟ್ ವೀಸಾದಲ್ಲಿ. ಟ್ಯೂಷನ್ ಸೆಂಟರು, ಅಂಗಡಿ ಸಾಲಿನ ಮೇಲೆ ಎರಡನೇ ಮಹಡಿ, ನಾಲ್ಕು ಕೋಣೆ. ಸ್ಕೂಲು ಬಿಟ್ಟ ಮಕ್ಕಳು ಸಂಜೆ ಬರ್ತಿದ್ರು. ಪರ್ಮಿಟ್ ಯಾವಾಗ ಅಂದ್ರೆ ಮುಂದಿನ ವಾರ. ಆ ವಾರ ಕಳೆದ್ರೆ ಅದರ ಮುಂದಿನ ವಾರ. ಬಹಳ ದಿನ ಆದ ಮೇಲೆ ಗೊತ್ತಾಯ್ತು, ಆ ಸೆಂಟರಿಗೆ ಶಾಲೆಯ ಪರವಾನಗಿಯೇ ಇರಲಿಲ್ಲ. ಬರೀ ಕಂಪನಿ. ಸಾಮಾನ್ಯ ಕಂಪನಿ ಒಬ್ಬ ವಿದೇಶಿಯನ್ನ ಇಟ್ಟುಕೊಳ್ಳಬೇಕಾದ್ರೆ 20 ಲಕ್ಷ ಬಾತ್ ಬಂಡವಾಳ ತೋರಿಸಬೇಕು. ನಾವು ಮೂವರಿದ್ದೆವು. ಅಂದ್ರೆ ತಡ ಆಗ್ತಿತ್ತು ಅಂತಲ್ಲ, ಆಗೋ ಹಾಗೇ ಇರಲಿಲ್ಲ. ಪರ್ಮಿಟ್ಟಿನ ಶುಲ್ಕ ವರ್ಷಕ್ಕೆ 3,000 ಬಾತ್. ಅಷ್ಟು ಸಣ್ಣ ದುಡ್ಡಿಗೆ ಒಬ್ಬ ಮಾಲೀಕ ಎರಡು ತಿಂಗಳು ಎಳೆದಾಡಿಸ್ತಾನೆ ಅಂದ್ರೆ ಏನೋ ಇದೆ ಅಂತ ನನಗೆ ಹೊಳೆಯಬೇಕಿತ್ತು.

ಆಗಸ್ಟಿನಲ್ಲಿ ಒಂದು ಸಂಜೆ ಏಳು ವರ್ಷದ ಒಂದು ಹುಡುಗಿ ಎದ್ದು ನಿಂತು ಓದ್ತಿದ್ದಳು. ಎರಡು ತಿಂಗಳು ಬಾಯೇ ಬಿಟ್ಟಿರಲಿಲ್ಲ ಅವಳು, ಅವತ್ತೇ ಮೊದಲು. ಮಾಲೀಕನ ಹೆಂಡತಿ ಬಾಗಿಲು ತೆಗೆದು ಕಣ್ಣಲ್ಲೇ ಸನ್ನೆ ಮಾಡಿದಳು. ಕೆಳಗೆ ಇನ್ಸ್‌ಪೆಕ್ಷನ್ನಿನವರು ಬಂದಿದ್ರು. ನಾನು ಪುಸ್ತಕ ಮೇಜಿನ ಮೇಲಿಟ್ಟು ಹಿಂದಿನ ಮೆಟ್ಟಿಲಲ್ಲಿ ಇಳಿದುಹೋದೆ. ಹಿಂದುಗಡೆ ಒಂದು ಬಟ್ಟೆ ಒಗೆಯೋ ಅಂಗಡಿ. ಅಲ್ಲಿ ಎರಡು ಗಂಟೆ ಬೇರೆಯವರ ಬಟ್ಟೆ ಮಡಿಸೋ ಹಾಗೆ ನಟಿಸ್ತಾ ಕೂತಿದ್ದೆ. ಮರುದಿನ ಆ ಹುಡುಗಿ, ಖ್ರೂ, ನಿಮಗೆ ಹುಷಾರಿರಲಿಲ್ವಾ ಅಂತ ಕೇಳಿದಳು. ಹೌದು ಅಂದೆ.

– ಖ್ರೂ ಅಂದ್ರೆ?

– ಗುರು. ನಮ್ಮ ಗುರುವೇ ಅಲ್ಲಿ ಖ್ರೂ ಆಗಿದ್ದಾನೆ. ಅಲ್ಲಿ ಮೇಷ್ಟ್ರುಗಳ ಪರವಾನಗಿ ಕೊಡೋ ಸಂಸ್ಥೆಯ ಹೆಸರು ಖುರುಸಫಾ, ಅಂದ್ರೆ ಗುರುಸಭಾ. ಶಾಲೆಯಲ್ಲಿ ಪಾಠ ಮಾಡೋಕೆ ಅವರದ್ದೊಂದು ಒಪ್ಪಿಗೆ ಬೇಕು. ಜೂನ್ ತಿಂಗಳಲ್ಲಿ ಒಂದು ಗುರುವಾರ ಮಕ್ಕಳೆಲ್ಲ ಟೀಚರಿಗೆ ಹೂವು ಕೊಟ್ಟು ನಮಸ್ಕಾರ ಮಾಡ್ತಾರೆ, ವೈ ಖ್ರೂ ಅಂತ. ಯಾವ ಹೂವು ಗೊತ್ತಾ? ಕೇಪಳ, ಬದನೆ ಹೂವು, ಜೊತೆಗೆ ಗರಿಕೆ. ಗುರುವನ್ನ ಅಷ್ಟು ದೊಡ್ಡದಾಗಿ ಕಾಣೋ ಊರಲ್ಲಿ ನಾನು ಮಗುವಿನ ಮುಖ ನೋಡಿಕೊಂಡು ಸುಳ್ಳು ಹೇಳಿದೆ. ದಂಡ ಕಟ್ಟಿದ್ರೆ ಅದು ಹೋಗುತ್ತಾ ಹೇಳು.

– ಆದ್ರೆ ಸಂಬಳ ಬರ್ತಿತ್ತಲ್ಲ?

– ಬರ್ತಿತ್ತು, ಬರೋವರೆಗೆ. 2016ರ ಅಕ್ಟೋಬರ್ 13ಕ್ಕೆ ದೊರೆ ಭೂಮಿಬೋಲ್ ತೀರಿಕೊಂಡ್ರು. ಊರಿಗೆ ಊರೇ ಕಪ್ಪು ಬಟ್ಟೆ. ಎಪ್ಪತ್ತು ವರ್ಷ ಆಳಿದ ದೊರೆ, ಬೀದಿಯಲ್ಲಿ ನಿಂತು ಅಳ್ತಿದ್ದವರನ್ನ ಕಣ್ಣಾರೆ ನೋಡಿದೆ, ಅದು ನಿಜವಾದ ದುಃಖ. ಕೆಲವು ದಿನ ಪಾಠ ನಿಂತಿತು. ತಿಂಗಳ ಕೊನೆಗೆ ಸಂಬಳ ಕೇಳಿದ್ರೆ, ಇಂಥ ಹೊತ್ತಲ್ಲಿ ದುಡ್ಡು ಕೇಳ್ತೀಯಾ ಅಂದ ಮಾಲೀಕ. ಸೇರಿದಾಗ ಮೊದಲ ತಿಂಗಳಿನ ಅರ್ಧ ಸಂಬಳ ಡಿಪಾಸಿಟ್ ಅಂತ ಇಟ್ಟುಕೊಂಡಿದ್ದ, ಅದೂ ಹೋಯ್ತು. ಕಾಗದ ಇಲ್ಲದವರೂ ದುಡಿದ ಕೂಲಿ ಕೇಳಬಹುದು ಅಂತ ಅಲ್ಲಿನ ಕಾರ್ಮಿಕ ಕಾನೂನಿನಲ್ಲೇ ಇದೆ, ನನಗೆ ಆಮೇಲೆ ತಿಳಿಯಿತು. ಆದ್ರೆ ಕೇಳೋದಕ್ಕೆ ಹೋಗಬೇಕಾದದ್ದು ಕಾರ್ಮಿಕ ಕಚೇರಿಗೆ. ಅಲ್ಲಿ ಕೂತು, ನಾನು ಇಲ್ಲಿ ಕೆಲಸ ಮಾಡಿದೆ ಅಂತ ಬರೆದುಕೊಡಬೇಕು. ಅದು ನನ್ನ ದೂರೂ ಹೌದು, ನನ್ನ ತಪ್ಪೊಪ್ಪಿಗೆಯೂ ಹೌದು. ಮಾಲೀಕನಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು.

– ಇನ್ನಿಬ್ಬರು ಏನು ಮಾಡಿದ್ರು?

– ಒಬ್ಬ ಮೊದಲೇ ಬಿಟ್ಟು ಹೋಗಿದ್ದ. ಇನ್ನೊಬ್ಬಳು ಮನಿಲಾ ಕಡೆಯವಳು. ಅಲ್ಲಿ ಫಿಲಿಪೀನ್ಸಿನ ಟೀಚರುಗಳು ಬಹಳ. ಅವಳ ವಿಷಯ ಹೇಳ್ತೀನಿ ಕೇಳು, ಇದು ನನ್ನ ಸಂಬಳಕ್ಕಿಂತ ದೊಡ್ಡದು. ಸೆಪ್ಟೆಂಬರಿನಲ್ಲಿ ಅವಳಿಗೆ ಜ್ವರ ಬಂತು, ಡೆಂಗಿ. ಪರ್ಮಿಟ್ ಇದ್ದು ನೌಕರಿ ಲೆಕ್ಕಕ್ಕೆ ಬಂದಿದ್ರೆ ಸಂಬಳದಲ್ಲಿ ಶೇಕಡ 5 ಸಾಮಾಜಿಕ ಭದ್ರತೆಗೆ ಹಿಡಿದಿರ್ತಾರೆ, ಗೊತ್ತುಮಾಡಿದ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ನೋಡ್ತಾರೆ. ಅವಳಿಗೆ ಅದಿಲ್ಲ. ಸರ್ಕಾರಿ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋದೆ. ಒಳ್ಳೆಯವರು, ಸೇರಿಸಿಕೊಂಡ್ರು. ದುಡ್ಡು ನಾವು ನಾಲ್ಕು ಜನ ಕೂಡಿಸಿ ಕಟ್ಟಿದ್ವಿ, ಅದು ಬಿಡು. ಡಾಕ್ಟರು, ನೀವು ಹಗಲು ಹೊತ್ತು ಎಲ್ಲಿರ್ತೀರಿ ಅಂತ ಕೇಳಿದ್ರು.

– ಯಾಕೆ?

– ಡೆಂಗಿ ಬಂದ್ರೆ ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ರೋಗಿ ಇರೋ ಮನೆ, ಕೆಲಸ ಮಾಡೋ ಜಾಗ ಎಲ್ಲ ಕಡೆ ಹೋಗಿ ಹೊಗೆ ಹಾಕಿ, ನಿಂತ ನೀರು ಚೆಲ್ಲಿ ಬರ್ತಾರೆ. ಆ ಸೊಳ್ಳೆ ಕಚ್ಚೋದು ಹಗಲಲ್ಲಿ. ಅವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಟೂರಿಸ್ಟ್, ರೂಮಲ್ಲೇ ಇರ್ತೀನಿ ಅಂದಳು. ಹಾಗೇ ಬರೆದುಕೊಂಡ್ರು. ನಮ್ಮ ಸೆಂಟರಿನ ಹಿಂದುಗಡೆ ಹಳೇ ಡ್ರಮ್ಮುಗಳಲ್ಲಿ ನೀರು ನಿಂತಿತ್ತು, ಸಂಜೆಗೆ ಅರವತ್ತು ಮಕ್ಕಳು ಬರೋ ಜಾಗ. ಯಾರೂ ಹೊಗೆ ಹಾಕಲಿಲ್ಲ. ರಾತ್ರಿ ನಾನೊಬ್ಬಳೇ ಹೋಗಿ ಆ ಡ್ರಮ್ಮು ಕವಚಿ ಹಾಕಿ ಬಂದೆ. ಕಾಗದ ಇಲ್ಲ ಅನ್ನೋದು ನನ್ನೊಬ್ಬಳ ಅಪಾಯ ಅಂತ ಅಲ್ಲಿಯವರೆಗೆ ತಿಳಿದುಕೊಂಡಿದ್ದೆ.

– ಮಕ್ಕಳಿಗೆ ಏನಾದ್ರೂ…

– ಆಗಲಿಲ್ಲ. ನನಗೆ ತಿಳಿದ ಮಟ್ಟಿಗೆ ಆಗಲಿಲ್ಲ. ಟೀಚರ್ ಅಂದ ಮೇಲೆ ಬಾಯಿ ಬಿಡಲೇಬೇಕಾದ ಹೊತ್ತುಗಳು ಬರ್ತವೆ ಕಣೇ. ಮಗುವಿನ ಮೈ ಮೇಲೆ ಬಾಸುಂಡೆ ಕಾಣುತ್ತೆ, ಬೆಂಕಿ ಹತ್ತಿದ್ರೆ ಇಳಿಯೋ ಮೆಟ್ಟಿಲಿಗೆ ಬೀಗ ಹಾಕಿರ್ತಾರೆ, ಮಾಲೀಕ ನಿನ್ನ ಹೆಗಲ ಮೇಲೆ ಕೈ ಇಡ್ತಾನೆ. ಯಾರ ಹತ್ತಿರ ಹೋಗ್ತೀಯ? ನನಗೆ ಏನೂ ಆಗಲಿಲ್ಲ, ಆದ್ರೆ ಆಗಿದ್ರೂ ನಾನು ಎಲ್ಲಿಗೂ ಹೋಗ್ತಿರಲಿಲ್ಲ ಅನ್ನೋದು ನನಗೆ ಪ್ರತಿ ದಿನ ಗೊತ್ತಿತ್ತು.

– 60 ದಿನ ಮುಗಿದ ಮೇಲೆ ಹೇಗೆ ಇದ್ರಿ?

– ಇಮಿಗ್ರೇಷನ್ ಕಚೇರಿಯಲ್ಲಿ 1,900 ಬಾತ್ ಕಟ್ಟಿದ್ರೆ 30 ದಿನ ಜಾಸ್ತಿ. ಅದೂ ಮುಗಿದ ಮೇಲೆ ವೀಸಾ ರನ್. ಎಲ್ಲರೂ ಅದನ್ನ ಪಿಕ್ನಿಕ್ಕಿನ ಹಾಗೆ ಹೇಳ್ತಾರೆ. ರಾತ್ರಿ ಬಸ್ಸಿನಲ್ಲಿ ನೊಂಗ್ ಖಾಯ್, ಮೆಕಾಂಗ್ ನದಿ ಮೇಲಿನ ಸೇತುವೆ ದಾಟಿದ್ರೆ ಲಾವೋಸ್. ವಿಯೆಂಟಿಯಾನಿನಲ್ಲಿ ಥಾಯ್ ರಾಯಭಾರ ಕಚೇರಿ ಮುಂದೆ ಬಿಸಿಲಲ್ಲಿ ಸಾಲು. ವಾಪಸ್ ಬರುವಾಗ ಗಡಿಯ ಆಫೀಸರು ಪಾಸ್‌ಪೋರ್ಟಿನ ಒಂದೊಂದೇ ಹಾಳೆ ತಿರುವಿ ಹಾಕ್ತಾನೆ. ಕೈಯಲ್ಲಿ 20,000 ಬಾತ್ ನಗದು ತೋರಿಸು ಅಂತ ಕೇಳಬಹುದು. ಊರು ನೋಡೋಕೆ ಬಂದವಳು ಮೂರು ತಿಂಗಳು ಒಂದೇ ಊರಲ್ಲಿ ಏನು ನೋಡಿದೆ ಅಂತ ಕೇಳಬಹುದು. ಬಿಡಲ್ಲ ಅಂದ್ರೆ ಸೇತುವೆಯ ಆ ಕಡೆ ನೀನು, ಈ ಕಡೆ ನಿನ್ನ ರೂಮು, ಬಟ್ಟೆ, ಬರಬೇಕಾದ ಸಂಬಳ. ಭೂಗಡಿಯಲ್ಲಿ ವೀಸಾ ಇಲ್ಲದೆ ವರ್ಷಕ್ಕೆ ಎರಡೇ ಸಲ ಅನ್ನೋ ಮಿತಿ ಆಮೇಲೆ ಬಂತು. ಬೇಜಾರಾಗಿ ದಿನ ಮೀರಿಸಿ ಕೂತವರೂ ಇದ್ದಾರೆ. ದಿನಕ್ಕೆ 500 ಬಾತ್, ಹೆಚ್ಚೆಂದ್ರೆ 20,000. ತಾವಾಗಿ ಹೋಗೋಕೆ ಮುಂಚೆ ಹಿಡಿದ್ರೆ ಕಡಿಮೆ ಅಂದ್ರೂ ಐದು ವರ್ಷ ಆ ದೇಶಕ್ಕೆ ಕಾಲಿಡೋ ಹಾಗಿಲ್ಲ.

– ಅತ್ತೆ, ನನಗೆ ಒಂದು ವಿಷಯಕ್ಕೆ ಸಿಟ್ಟು ಬರುತ್ತೆ. ಎಂಎ ಇಂಗ್ಲಿಷ್ ಮಾಡಿದ್ದೀನಿ. ಆರು ವರ್ಷದಿಂದ ಟ್ಯೂಷನ್ ಹೇಳ್ತಿದ್ದೀನಿ. ಕೊರಿಯಾಕ್ಕೆ ಹಾಕೋಣ ಅಂದ್ರೆ ಅಲ್ಲಿ ಏಳೇ ದೇಶದವರಿಗಂತೆ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಡಿಗ್ರಿ ಯಾವುದಾದ್ರೂ ಆಗಬಹುದು, ಪಾಸ್‌ಪೋರ್ಟ್ ಮಾತ್ರ ಅದೇ ಆಗಬೇಕು. ನಾವು ಹಿಂಬಾಗಿಲಲ್ಲಿ ಹೋಗದೆ ಇನ್ನೆಲ್ಲಿ ಹೋಗೋದು?

– ಆ ಸಿಟ್ಟು ನನಗೂ ಇದೆ. ನಿನ್ನ 14,000ದ ಮೇಲೂ ಇದೆ. ಕೊರಿಯಾದಲ್ಲಿ 2010ರ ಒಪ್ಪಂದದಿಂದ ಬೋಧನೆಯ ಪರವಾನಗಿ ಇರೋ ನಮ್ಮವರಿಗೆ ಒಂದು ಸಣ್ಣ ಕಿಂಡಿ ತೆಗೆದಿದ್ದಾರೆ, ಅಷ್ಟೇ. ಕೋರಾತಿನಲ್ಲಿ ಮಾಲೀಕ ನನಗೆ, ಪೋಷಕರು ಕೇಳಿದ್ರೆ ಲಂಡನ್ನಿನಲ್ಲಿ ಹುಟ್ಟಿದ್ದು ಅಂತ ಹೇಳು ಅಂದಿದ್ದ. ಹೊಳೆನರಸೀಪುರದಲ್ಲಿ ಹುಟ್ಟಿದವಳು ನಾನು. ಆ ಅನ್ಯಾಯ ನಿಜ. ಆದ್ರೆ ಹಿಂಬಾಗಿಲು ಇಟ್ಟವರು ಆ ಅನ್ಯಾಯದ ಲಾಭ ತಿನ್ನೋಕೇ ಕೂತಿದ್ದಾರೆ. ಮುಂಬಾಗಿಲಲ್ಲಿ ಹೋದ ಬಿಳಿಯ ಟೀಚರಿಗೆ 35,000, 40,000 ಕೊಡೋ ಕಡೆ ನಿನಗೆ 22,000. ಕಾಗದ ಮಾಡಿಸದೆ ಇದ್ರೂ ನೀನು ಸುಮ್ಮನಿರ್ತೀಯ ಅನ್ನೋ ಲೆಕ್ಕ ಆ ಸಂಬಳದಲ್ಲೇ ಸೇರಿದೆ. ಚೀನಾದ್ದೂ ಇದೇ ಕಥೆ. ಜೆಡ್ ಅನ್ನೋ ಕೆಲಸದ ವೀಸಾ ಇಲ್ಲದೆ ಪಾಠ ಮಾಡಿದ್ರೆ 5,000ದಿಂದ 20,000 ಯುವಾನ್ ದಂಡ, ತಪ್ಪು ದೊಡ್ಡದು ಅಂತ ಕಂಡ್ರೆ ಐದರಿಂದ ಹದಿನೈದು ದಿನ ಒಳಗೆ.

– ಏಜೆಂಟ್ 40,000 ರೂಪಾಯಿ ಕೇಳಿದ್ದಾನೆ. ಇನ್ನೊಂದು ಮಾತು ಹೇಳಿದ. ಟೋಯಿಕ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಸರ್ಟಿಫಿಕೇಟ್ ಬೇಕಾದ್ರೆ ಅದನ್ನೂ ತಾನೇ ಕೊಡಿಸ್ತಾನಂತೆ.

– ಪರೀಕ್ಷೆ ಬರೆಯದೆ?

– ಹೂಂ.

– ಹಾಗಾದ್ರೆ ಅವನ ನಂಬರು ಅಳಿಸಿ ಹಾಕು. ಪರ್ಮಿಟ್ ಇಲ್ಲದ ತಪ್ಪು ಒಂದು ತೂಕ, ಖೋಟಾ ಕಾಗದ ಇನ್ನೊಂದು ತೂಕ. ಅದಕ್ಕೆ ಜೈಲಾಗಬಹುದು. ಹೊರದೇಶಕ್ಕೆ ಜನರನ್ನ ಕಳಿಸೋ ಏಜೆಂಟ್ ನಮ್ಮ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು, ಇ-ಮೈಗ್ರೇಟ್ ಅನ್ನೋ ತಾಣದಲ್ಲಿ ಹೆಸರು ಹಾಕಿದ್ರೆ ಗೊತ್ತಾಗುತ್ತೆ. ಅವನು ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಇವನು 40,000 ಅನ್ನೋವಾಗಲೇ ನಿನಗೆ ಉತ್ತರ ಸಿಕ್ಕಿದೆ. ನೀನು ಇಷ್ಟು ದೂರ ಯೋಚಿಸಿಲ್ಲ ಅನ್ನಿಸುತ್ತೆ, ಆದ್ರೂ ಹೇಳ್ತೀನಿ. ಟೂರಿಸ್ಟಾಗಿ ಹೋಗು, ಕೆಲಸ ಅಲ್ಲಿ ಕೊಡ್ತೀವಿ ಅಂತ ನಂಬಿಸಿ ಬ್ಯಾಂಕಾಕಿಗೆ ಇಳಿಸಿ, ಅಲ್ಲಿಂದ ಮೇ ಸೋತ್ ಊರಿಗೆ ಕಾರಲ್ಲಿ ಕರ್ಕೊಂಡು ಹೋಗಿ, ಮೋಯಿ ನದಿ ದಾಟಿಸಿ ಬರ್ಮಾದ ಮ್ಯಾವಾಡಿಯಲ್ಲಿ ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂಡಿಹಾಕಿದ್ರು ನಮ್ಮ ಹುಡುಗರನ್ನ. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನ ಕಳಿಸಿ 549 ಜನರನ್ನ ಕರೆತಂದ್ರು. ಅವರಿಗೂ ಕೆಲಸದ ಆಸೆ ತೋರಿಸಿಯೇ ಕರೆದದ್ದು. ಯಾವ ಊರಿನ ಯಾವ ಕಟ್ಟಡಕ್ಕೆ ಹೋಗ್ತಿದ್ದೀನಿ ಅನ್ನೋದು ಸರ್ಕಾರದ ಒಂದು ಕಾಗದದಲ್ಲೂ ಇಲ್ಲದಿದ್ರೆ ನಿನ್ನನ್ನ ಹುಡುಕೋದು ಎಲ್ಲಿಂದ ಶುರು ಮಾಡಬೇಕು ಅಂತ ನಿಮ್ಮಪ್ಪನಿಗೆ ತಿಳಿಯೋದು ಹೇಗೆ?

– ಹಾಗಾದ್ರೆ ಹೋಗಲೇಬೇಡ ಅಂತೀರಾ?

– ಎಲ್ಲಿ ಅಂದೆ? ನಾನು ಮತ್ತೆ ಹೋಗಲಿಲ್ವಾ? ನವೆಂಬರಿನಲ್ಲಿ ಬರಿಗೈಯಲ್ಲಿ ವಾಪಸ್ ಬಂದೆ. ಟೋಯಿಕ್ ಬರೆದೆ. ಇಂಗ್ಲಿಷ್ ತಾಯ್ನುಡಿ ಅಲ್ಲದವರಿಗೆ 600 ಅಂಕ ಕೇಳ್ತಾರೆ, ನಿನಗದು ಕಷ್ಟ ಅಲ್ಲ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್, ಡಿಗ್ರಿ ಸರ್ಟಿಫಿಕೇಟಿಗೆ ವಿದೇಶಾಂಗ ಸಚಿವಾಲಯದ ಮೊಹರು. ಅದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಸಣ್ಣ ಊರಿನ ಒಂದು ಶಾಲೆ, ಸಂಬಳ ಕೋರಾತಿಗಿಂತ 1,000 ಬಾತ್ ಕಡಿಮೆ. ಮೇ ತಿಂಗಳಲ್ಲಿ ಅಲ್ಲಿ ಶಾಲೆ ಶುರು. ಮೂರು ವಾರಕ್ಕೆ ನೀಲಿ ಪುಸ್ತಕ ಕೈಗೆ ಬಂತು, ವರ್ಕ್ ಪರ್ಮಿಟ್ ಆಗ ನೀಲಿ ಪುಸ್ತಕ. ಅದರೊಳಗೆ ನನ್ನ ಹೆಸರು, ನನ್ನ ದೇಶ, ನನ್ನ ಶಾಲೆ. ಆ ಜೂನಿನ ವೈ ಖ್ರೂ ದಿನ ಸಾಲಾಗಿ ಬಂದ ಮಕ್ಕಳು ಮಡಿಲು ತುಂಬ ಗರಿಕೆ ಇಟ್ರು. 2023ರವರೆಗೂ ಇದ್ದೆ. ಮಧ್ಯೆ ಎರಡು ಸಲ ಇನ್ಸ್‌ಪೆಕ್ಷನ್ನಿನವರು ಬಂದ್ರು. ಕ್ಲಾಸ್ ನಡೀತಿತ್ತು, ಬಾಗಿಲಲ್ಲಿ ನಿಂತು ನೋಡಿ ಹೋದ್ರು.

– ಈಗ ಏಜೆಂಟಿಗೆ ಏನು ಹೇಳಲಿ?

– ಅವನಿಗೆ ಏನೂ ಹೇಳಬೇಡ. ನಿನಗೆ ಕೆಲಸ ಕೊಡ್ತೀವಿ ಅಂದವರಿಗೇ ಬರೆ. ನಿಮ್ಮ ಶಾಲೆಯ ಪರವಾನಗಿಯ ಪ್ರತಿ, ಬಿ ವೀಸಾಗೆ ಬೇಕಾದ ಪತ್ರ ಕಳಿಸಿ, ವೀಸಾ ಕೈಗೆ ಬಂದ ದಿನ ಟಿಕೆಟ್ ತೆಗೆಸ್ತೀನಿ, ಪರ್ಮಿಟ್ ಬಂದ ದಿನ ಕ್ಲಾಸಿಗೆ ಬರ್ತೀನಿ ಅಂತ. ಈಗ ವೀಸಾ ಅರ್ಜಿ ಇಲ್ಲಿಂದ ಆನ್‌ಲೈನಿನಲ್ಲೇ ಹಾಕಬಹುದು, ನನ್ನ ಕಾಲದಲ್ಲಿ ಚೆನ್ನೈಗೆ ಹೋಗಬೇಕಿತ್ತು. ಕಳಿಸಿದ್ರೆ ಒಳ್ಳೇದು. ಕಳಿಸದಿದ್ರೆ ಬೇರೆ ಶಾಲೆ ಹುಡುಕೋಣ, ಇಬ್ಬರು ಮೂವರು ಹಳೇ ಸಹೋದ್ಯೋಗಿಗಳು ಇನ್ನೂ ಅಲ್ಲಿದ್ದಾರೆ. ಡಿಗ್ರಿ ಸರ್ಟಿಫಿಕೇಟ್ ಎಲ್ಲಿಟ್ಟಿದ್ದೀಯ?

– ಯೂನಿವರ್ಸಿಟಿಯಿಂದ ಇನ್ನೂ ತಂದಿಲ್ಲ. ಬರೀ ಮಾರ್ಕ್ಸ್ ಕಾರ್ಡ್ ಇದೆ.

– ಸೋಮವಾರ ಮೈಸೂರಿಗೆ ಹೋಗಿ ಅರ್ಜಿ ಕೊಟ್ಟು ಬಾ. ಮೊದಲು ಅದೇ ಆಗಬೇಕು.

– ಹೋಗ್ತೀನಿ. ಅತ್ತೆ, ಆ ಹುಡುಗಿ ಅವತ್ತು ಓದ್ತಿದ್ದಳಲ್ಲ, ಯಾವ ವಾಕ್ಯ ಅದು?

– ‘ಶಿ ಗೋಸ್ ಟು ಸ್ಕೂಲ್ ಬೈ ಬಸ್’ ಅಂತ. ‘ಟು’ ಅನ್ನೋವರೆಗೆ ಓದಿದ್ದಳು.